ಶೆಡ್ಡಿನಲ್ಲಿ ಸಿಕ್ಕ ಹಳೇ ವೀಲ್ ಹಾರ್ಸ್: ಕೀ ತಿರುಗಿಸುವ ಮುಂಚೆ

ಪ್ರಶ್ನೆ: ಹೋದ ವರ್ಷ ಪೆನ್ಸಿಲ್ವೇನಿಯಾದಲ್ಲಿ ಎರಡು ಎಕರೆ ಜಾಗ ಇರುವ ಮನೆ ಕೊಂಡೆವು. ಮನೆ ಮಾರಿದ ಅಜ್ಜ ಶೆಡ್ಡಿನಲ್ಲಿ ಒಂದು ಕೆಂಪು ಹಳೇ ಟ್ರ್ಯಾಕ್ಟರ್ ಬಿಟ್ಟು ಹೋಗಿದ್ದಾರೆ. ವೀಲ್ ಹಾರ್ಸ್ ಸಿ-120 ಅಂತ ಬರೆದಿದೆ. ಎಂಜಿನ್ನಿನ ತಗಡಿನ ಮೇಲೆ ಕೋಹ್ಲರ್ ಕೆ301 ಅಂತಿದೆ. ಆರೇಳು ವರ್ಷದಿಂದ ಸ್ಟಾರ್ಟ್ ಮಾಡಿಲ್ಲವಂತೆ. ಜೊತೆಗೆ ಹುಲ್ಲು ಕತ್ತರಿಸುವ ಡೆಕ್ಕು, ಹಿಮ ತಳ್ಳುವ ಬ್ಲೇಡು ಇವೆ. ನನ್ನ ಹೆಂಡತಿ ಇದನ್ನು ಗುಜರಿಗೆ ಹಾಕಿ ಹೊಸದು ತನ್ನಿ ಅನ್ನುತ್ತಾಳೆ. ಹದಿಮೂರು ವರ್ಷದ ಮಗ ತಾನೇ ಓಡಿಸುತ್ತೇನೆ ಅಂತ ಕುಣಿಯುತ್ತಿದ್ದಾನೆ. ನನಗೆ ಸ್ಪ್ಯಾನರ್ ಹಿಡಿದ ಅಭ್ಯಾಸ ಅಷ್ಟಕ್ಕಷ್ಟೆ. ಹೊಸ ಬ್ಯಾಟರಿ ಹಾಕಿ ಒಮ್ಮೆ ಕೀ ತಿರುಗಿಸಿ ನೋಡಲೇ?

ಉತ್ತರ: ಬೇಡ. ಬ್ಯಾಟರಿ ತರಬೇಡಿ, ತಂದಿದ್ದರೆ ಕನೆಕ್ಷನ್ ಕೊಡಬೇಡಿ. ಇಂಥ ಯಂತ್ರಗಳು ವರ್ಷಗಟ್ಟಲೆ ನಿಂತಿದ್ದಕ್ಕೆ ಹಾಳಾಗುವುದು ಕಡಿಮೆ. ನಿಂತಿದ್ದನ್ನು ಅವಸರದಲ್ಲಿ ಸ್ಟಾರ್ಟ್ ಮಾಡಿದ ಆ ಹತ್ತು ನಿಮಿಷದಲ್ಲಿ ಹಾಳಾಗುವುದೇ ಜಾಸ್ತಿ. ನಾನು ಒಹಾಯೋದಲ್ಲಿ ಹದಿನೆಂಟು ವರ್ಷದಿಂದ ಇವುಗಳ ಸಹವಾಸ ಮಾಡಿದ್ದೇನೆ. ಮೊದಲನೆಯದನ್ನು ನಾನೇ ಕೈಯಾರೆ ಕೊಂದೆ. ಆ ಕತೆ ಮುಂದೆ ಹೇಳುತ್ತೇನೆ.

ಗುಜರಿಗೆ ಹಾಕುವ ಮೊದಲು ನಿಮ್ಮ ಬಳಿ ಇರುವುದೇನು ಅಂತ ತಿಳಿದುಕೊಳ್ಳಿ. 1946ರಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ ಪಾಂಡ್ ಎಂಬ ಕುಟುಂಬ ಶುರು ಮಾಡಿದ ಕಂಪನಿ ಇದು. 1974ರಲ್ಲಿ ಅಮೆರಿಕನ್ ಮೋಟರ್ಸ್ ಇದನ್ನು ಕೊಂಡಿತು. ಜೀಪ್ ಮಾಡುತ್ತಿದ್ದ ಅದೇ ಕಾರು ಕಂಪನಿ. 1986ರಲ್ಲಿ ಟೋರೋ ಕೈಗೆ ಬಂತು. 2007ರ ಹೊತ್ತಿಗೆ ವೀಲ್ ಹಾರ್ಸ್ ಹೆಸರೇ ನಿಂತುಹೋಯಿತು. ನಿಮ್ಮ ಸಿ-120 ಎಪ್ಪತ್ತರ ದಶಕದ್ದು. ಕೆ301 ಅಂದರೆ 12 ಕುದುರೆ ಶಕ್ತಿಯ ಒಂದೇ ಸಿಲಿಂಡರಿನ ಬೀಡುಕಬ್ಬಿಣದ ಎಂಜಿನ್. ಗೇರ್ ಬಾಕ್ಸ್ ಕೂಡ ಬೀಡುಕಬ್ಬಿಣದ್ದೇ.

ಹೆಂಡತಿ ಹೇಳುವ ಹೊಸ ಗಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ದೊಡ್ಡ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಅವು ಲಾನ್ ಟ್ರ್ಯಾಕ್ಟರ್. ಹುಲ್ಲು ಕತ್ತರಿಸಲಿಕ್ಕೆ ಮಾಡಿದವು. ಅವುಗಳ ಫ್ರೇಮು ತೆಳು ತಗಡು, ಹಿಂದಿನ ಚಕ್ರ ಚಿಕ್ಕದು. ನಿಮ್ಮದು ಗಾರ್ಡನ್ ಟ್ರ್ಯಾಕ್ಟರ್. ನೇಗಿಲು ಎಳೆಯಲಿಕ್ಕೆ, ಹಿಮ ತಳ್ಳಲಿಕ್ಕೆ, ಮರದ ದಿಮ್ಮಿ ಸಾಗಿಸಲಿಕ್ಕೆ ಅಂತಲೇ ಮಾಡಿದ್ದು. ಮೊದಲನೆಯದು ಮದುವೆ ಮನೆಯ ಕಾರು, ಎರಡನೆಯದು ಎತ್ತಿನ ಗಾಡಿ. ಎರಡಕ್ಕೂ ಚಕ್ರ ಇದೆ ಅಂತ ಒಂದೇ ಆಗುವುದಿಲ್ಲ.

ಈಗ ಕೆಲಸಕ್ಕೆ ಬರೋಣ.

ಮೊದಲು ಎಂಜಿನ್ನಿನ ಮೇಲಿನ ತಗಡಿನ ಹೊದಿಕೆ ಬಿಚ್ಚಿ. ನಾಲ್ಕಾರು ಬೋಲ್ಟು ಅಷ್ಟೆ. ಒಳಗೆ ಇಲಿ ಗೂಡು ಇದ್ದೇ ಇರುತ್ತದೆ ಅಂತ ಪಣ ಕಟ್ಟಬಲ್ಲೆ. ಈ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ. ಫ್ಲೈವೀಲಿನ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ರೆಕ್ಕೆಗಳು ಬೀಸುವ ಗಾಳಿ ಸಿಲಿಂಡರಿನ ಸುತ್ತ ಹರಿದು ತಂಪು ಮಾಡಬೇಕು. ಆ ದಾರಿಯಲ್ಲಿ ಹುಲ್ಲು, ಹತ್ತಿ, ಅಡಿಕೆ ಗಾತ್ರದ ಓಕ್ ಕಾಯಿ ತುಂಬಿಕೊಂಡಿದ್ದರೆ ಹತ್ತು ನಿಮಿಷದಲ್ಲಿ ಎಂಜಿನ್ ಕಾದು ಹೋಗುತ್ತದೆ. ಕೀ ತಿರುಗಿಸಬೇಡಿ ಅಂದಿದ್ದಕ್ಕೆ ಇದು ಮೊದಲನೇ ಕಾರಣ. ಗೂಡನ್ನು ಒಣಗಿದ್ದಾಗಲೇ ಕೆದರಬೇಡಿ. ಕೆಲವು ಜಾತಿಯ ಇಲಿಗಳ ಹಿಕ್ಕೆಯ ಧೂಳಿನಿಂದ ಹಂಟಾ ವೈರಸ್ ಬರಬಹುದು. ಬ್ಲೀಚ್ ಬೆರೆಸಿದ ನೀರು ಸಿಂಪಡಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಗ್ಲೌಸು ಮಾಸ್ಕು ಹಾಕಿಕೊಂಡು ತೆಗೆಯಿರಿ. ಬ್ಲೋವರ್ ಹಿಡಿಯಲೇ ಬೇಡಿ.

ಎರಡನೆಯದು ಆಯಿಲ್. ನನ್ನ ಕತೆ ಇಲ್ಲೇ ಬರುತ್ತದೆ. ಕಾರಿನ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಇರುತ್ತದೆ, ಫಿಲ್ಟರ್ ಇರುತ್ತದೆ, ಆಯಿಲ್ ಕಮ್ಮಿಯಾದರೆ ಕೆಂಪು ದೀಪ ಹತ್ತುತ್ತದೆ. ಕೆ301ರಲ್ಲಿ ಇವು ಯಾವುವೂ ಇಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಸುತ್ತುವ ದಂಡಕ್ಕೆ, ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳಗೆ ಒಂದು ಪುಟ್ಟ ಚಮಚದಂಥ ನಾಲಿಗೆ ಇದೆ. ಪ್ರತಿ ಸುತ್ತಿಗೂ ಅದು ತಳದಲ್ಲಿರುವ ಆಯಿಲಿನಲ್ಲಿ ಮುಳುಗಿ, ಎರಚಿ, ಎಲ್ಲ ಕಡೆ ಸಿಡಿಸುತ್ತದೆ. ಬಾವಿಯ ನೀರು ಕೆಳಗಿಳಿದರೆ ಕೊಡ ಬರಿದಾಗಿ ಮೇಲೆ ಬರುತ್ತದಲ್ಲ, ಹಾಗೆ ಆಯಿಲ್ ಇಳಿದರೆ ಚಮಚ ಬರೀ ಗಾಳಿ ಬೀಸುತ್ತದೆ. ಆ ರಾಡು ಅಲ್ಯೂಮಿನಿಯಂನದು, ಒಳಗೆ ಬೇರೆ ಬೇರಿಂಗ್ ಕೂಡ ಇಲ್ಲ, ನೇರವಾಗಿ ಕ್ರ್ಯಾಂಕಿನ ಮೇಲೆ ಓಡುತ್ತದೆ. ಎಣ್ಣೆ ತಪ್ಪಿದರೆ ಅಂಟಿಕೊಂಡು ತುಂಡಾಗುತ್ತದೆ. ತುಂಡಾದ ರಾಡು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಗೆ ಬರುತ್ತದೆ.

ನನ್ನ ಮೊದಲ ಟ್ರ್ಯಾಕ್ಟರಿನಲ್ಲಿ ಆದದ್ದು ಇದೇ. ಅದೂ 12 ಕುದುರೆಯ ಕೋಹ್ಲರೇ. ಒಂದು ಶನಿವಾರ ಬೆಳಿಗ್ಗೆ ಆಯಿಲ್ ನೋಡಿದ್ದೆ. ಭಾನುವಾರ ನೋಡಲಿಲ್ಲ, ನಿನ್ನೆ ತಾನೇ ನೋಡಿದ್ದೆನಲ್ಲ ಅಂತ. ಹಳೇ ಎಂಜಿನ್ ಎಣ್ಣೆ ಕುಡಿಯುತ್ತಿತ್ತು. ಇಳಿಜಾರಿನಲ್ಲಿ ಹುಲ್ಲು ಕತ್ತರಿಸುವಾಗ ಕಟ್ ಕಟ್ ಅಂತ ಸದ್ದು ಬಂತು. ಈ ಸಾಲು ಮುಗಿಸಿಬಿಡೋಣ ಅಂದುಕೊಂಡೆ. ಸಾಲು ಮುಗಿಯಲಿಲ್ಲ, ಎಂಜಿನ್ ಮುಗಿಯಿತು. ಊರಿನಲ್ಲಿ ನಮ್ಮಪ್ಪ ಪಂಪ್‌ಸೆಟ್ಟಿನ ಹ್ಯಾಂಡಲ್ ಹಿಡಿಯುವ ಮುಂಚೆ ಪ್ರತಿ ದಿನ ಆಯಿಲ್ ಕಡ್ಡಿ ಎಳೆದು, ಪಂಚೆಯ ಅಂಚಿಗೆ ಒರೆಸಿ ನೋಡುತ್ತಿದ್ದರು. ಅಮ್ಮ ಬೈಯುತ್ತಿದ್ದರು. ಅದನ್ನು ನೋಡುತ್ತಲೇ ಬೆಳೆದ ನಾನೇ ಮರೆತೆ.

ಹಾಗಾಗಿ ಕಡ್ಡಿ ಎಳೆದು ನೋಡಿ. ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ, ಎಂಜಿನ್ನಿನ ಪಕ್ಕದ ಫ್ಯುಯೆಲ್ ಪಂಪಿನ ರಬ್ಬರ್ ಪೊರೆ ಹರಿದಿರಬಹುದು. ಕಾರ್ಬರೇಟರಿನ ಸೂಜಿ ಕೂರದೆ ಸೋರಿರಲೂಬಹುದು. ಎರಡನ್ನೂ ಸರಿ ಮಾಡದೆ ಮುಂದೆ ಹೋಗಬೇಡಿ. ವಾಸನೆ ಇರಲಿ ಬಿಡಲಿ, ಹಳೇ ಆಯಿಲ್ ಪೂರ್ತಿ ಬಸಿದು ಹೊಸದು ಹಾಕಿ. ಬೇಸಿಗೆಗೆ ಎಸ್‌ಎಇ 30. ಹಿಮ ತಳ್ಳುವ ಕಾಲಕ್ಕೆ 5ಡಬ್ಲ್ಯು-30. ಹಿಡಿಯುವುದು ಸುಮಾರು ಎರಡು ಕ್ವಾರ್ಟ್, ಅಂದರೆ ಎರಡು ಲೀಟರಿಗೆ ಸ್ವಲ್ಪ ಕಮ್ಮಿ. ಸಮ ನೆಲದಲ್ಲಿ ನಿಲ್ಲಿಸಿ, ಕಡ್ಡಿ ನೋಡುತ್ತಾ ತುಂಬಿ. ಆಮೇಲೆ ಪ್ರತಿ ಸಲ ಹತ್ತುವ ಮುಂಚೆ ಕಡ್ಡಿ ನೋಡಲೇಬೇಕು. ಪ್ರತಿ ದಿನ ಅಲ್ಲ, ಪ್ರತಿ ಸಲ.

ಮೂರನೆಯದು, ಎಂಜಿನ್ ತಿರುಗುತ್ತದೆಯೇ ಅಂತ ಕೈಯಲ್ಲಿ ನೋಡುವುದು. ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನೊಳಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಫ್ಲೈವೀಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಪ್ಲಗ್ ಇಲ್ಲದಿರುವುದರಿಂದ ಹಗುರವಾಗಿ ತಿರುಗಬೇಕು. ಬಿಗಿಯಾಗಿದ್ದರೆ ಉದ್ದದ ರಾಡು ಹಾಕಿ ಮೀಟಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ಮೂರು ದಿನ ಕಾಯಿರಿ. ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ.

ಅದಕ್ಕೂ ಬಗ್ಗದಿದ್ದರೆ ಹೆಡ್ ಬಿಚ್ಚಿ ನೋಡಿ. ಹೆದರಬೇಡಿ. ಇದು ಫ್ಲಾಟ್ ಹೆಡ್ ಎಂಜಿನ್. ವಾಲ್ವುಗಳು ಹೆಡ್ಡಿನಲ್ಲಿಲ್ಲ, ಸಿಲಿಂಡರಿನ ಪಕ್ಕದಲ್ಲೇ ನಿಂತಿವೆ. ಹೆಡ್ ಅಂದರೆ ಬರೀ ಒಂದು ಮುಚ್ಚಳ. ಬೋಲ್ಟುಗಳನ್ನು ತೆಗೆದರೆ ಪಿಸ್ಟನ್ನು, ಎರಡು ವಾಲ್ವು ಎಲ್ಲ ಕಣ್ಣೆದುರು. ಹೀಗೆ ನಿಂತ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವು ತುಕ್ಕಿನಿಂದ ಮೇಲೇ ಸಿಕ್ಕಿಕೊಂಡಿರುವುದು ಮಾಮೂಲಿ. ಎಣ್ಣೆ ಬಿಟ್ಟು, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದರೆ ಇಳಿಯುತ್ತದೆ. ಫ್ಲಾಟ್ ಹೆಡ್ಡಿನಲ್ಲಿ ವಾಲ್ವು ಸಿಕ್ಕಿಕೊಂಡರೂ ಪಿಸ್ಟನ್ನಿಗೆ ಬಡಿಯುವುದಿಲ್ಲ, ಅದು ನಮ್ಮ ಪುಣ್ಯ. ವಾಪಸ್ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಬೋಲ್ಟುಗಳನ್ನು ಒಂದೇ ಸಲ ಬಿಗಿಯದೆ, ಎದುರು ಬದುರು ಹಂತ ಹಂತವಾಗಿ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಿರಿ.

ಮುಂದೆ ಪೆಟ್ರೋಲ್. ಟ್ಯಾಂಕಿನಲ್ಲಿ ಉಳಿದಿರುವುದು ಈಗ ಪೆಟ್ರೋಲ್ ಅಲ್ಲ, ವಾರ್ನಿಷ್. ಪೂರ್ತಿ ತೆಗೆಯಿರಿ. ರಬ್ಬರ್ ಪೈಪು, ಫಿಲ್ಟರ್ ಹೊಸದು ಹಾಕಿ. ಇವೆರಡಕ್ಕೆ ಜುಗ್ಗತನ ಬೇಡ, ಬಿರುಕು ಬಿಟ್ಟ ಪೈಪು ಅಂದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಹನಿ. ಕಾರ್ಬರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ತೊಳೆಯಿರಿ. ಅದರಲ್ಲಿ ಎರಡು ತಿರುಪುಗಳಿವೆ, ಒಂದು ಜೋರಾಗಿ ಓಡುವಾಗಿನ ಪೆಟ್ರೋಲಿಗೆ, ಇನ್ನೊಂದು ಐಡಲಿಗೆ, ಅಂದರೆ ಕೆಲಸವಿಲ್ಲದೆ ನಿಧಾನಕ್ಕೆ ಓಡುವಾಗಿನದಕ್ಕೆ. ತೆಗೆಯುವ ಮೊದಲು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಆಯಿತು ಅಂತ ಎಣಿಸಿ ಬರೆದಿಡಿ. ತೊಳೆದಾದ ಮೇಲೆ ಅಷ್ಟೇ ಸುತ್ತಿಗೆ ತಂದು ನಿಲ್ಲಿಸಿ. ಒಳಗೆ ಬಿಗಿದು ಕೂರಿಸಿದರೆ ಸೂಜಿಯ ಮೂತಿ ಹಾಳಾಗುತ್ತದೆ.

ಹೊಸ ಕಾರ್ಬರೇಟರ್ ಅಗ್ಗಕ್ಕೆ ಸಿಗುತ್ತದಲ್ಲ ಅಂತ ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆನ್‌ಲೈನಿನಲ್ಲಿ ಒಂದು ತರಿಸಿದೆ. ಮೂರು ವಾರ ಅದರ ಜೊತೆ ಗುದ್ದಾಡಿ, ಕೊನೆಗೆ ಹಳೆಯದನ್ನೇ ತೊಳೆದು ಹಾಕಿದೆ. ಇವತ್ತಿಗೂ ಅದೇ ಓಡುತ್ತಿದೆ. ಹಳೆಯದನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಪೆಟ್ರೋಲ್ ಬಂಕಿನಲ್ಲಿ ಸಿಗುವ ಸಾಮಾನ್ಯ 87 ಆಕ್ಟೇನ್ ಪೆಟ್ರೋಲ್ ಸಾಕು. ಹಳೇ ಎಂಜಿನ್ನಿಗೆ ಸೀಸದ ಪೆಟ್ರೋಲ್ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೊಂದರೆ ಇರುವುದು ಎಥನಾಲಿನಲ್ಲಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ತಿನ್ನುತ್ತದೆ. ಎಥನಾಲ್ ಇಲ್ಲದ್ದು ಹತ್ತಿರದಲ್ಲಿ ಸಿಕ್ಕರೆ ಅದನ್ನೇ ಹಾಕಿ. ಇಲ್ಲದಿದ್ದರೆ ಸ್ಟೆಬಿಲೈಸರ್ ಬೆರೆಸಿ, ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಕಾರ್ಬರೇಟರ್ ಖಾಲಿಯಾಗುವ ತನಕ ಓಡಿಸಿ ನಿಲ್ಲಿಸಿ.

ಇನ್ನು ಕಿಡಿ. ಹಳೇ ಬಜಾಜ್ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡಿದ ತಲೆಮಾರಿಗೆ ಪಾಯಿಂಟ್ ಅಂದರೆ ಗೊತ್ತು. ನಿಮಗೆ ಗೊತ್ತಿಲ್ಲದಿದ್ದರೆ ಕೇಳಿ: ಎರಡು ಪುಟ್ಟ ಲೋಹದ ಬಿಲ್ಲೆಗಳು ಕೂಡಿ ಬಿಡುತ್ತಿರುತ್ತವೆ, ಬಿಟ್ಟ ಕ್ಷಣಕ್ಕೆ ಕಾಯಿಲ್ ಕಿಡಿ ಕೊಡುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಇದು ಫ್ಲೈವೀಲಿನ ಕೆಳಗೆ ಅಡಗಿರುತ್ತದೆ. ಕೋಹ್ಲರಿನವರು ಪುಣ್ಯಾತ್ಮರು, ಎಂಜಿನ್ನಿನ ಹೊರಗೆ ಒಂದು ಸಣ್ಣ ಮುಚ್ಚಳದಡಿ ಇಟ್ಟಿದ್ದಾರೆ. ವರ್ಷಗಟ್ಟಲೆ ನಿಂತಾಗ ಬಿಲ್ಲೆಗಳ ಮೇಲೆ ಕಿಲುಬು ಕೂತು ಕಿಡಿಯೇ ಬರುವುದಿಲ್ಲ. ಎಂಜಿನ್ ಸತ್ತಿದೆ ಅಂತ ಮಾರಿಬಿಟ್ಟ ಎಷ್ಟೋ ಟ್ರ್ಯಾಕ್ಟರುಗಳಿಗೆ ಆಗಿದ್ದ ಕಾಯಿಲೆ ಇಷ್ಟೇ. ನಯವಾದ ಉಜ್ಜುಕಾಗದ ಒಮ್ಮೆ ಎಳೆಯಿರಿ, ಆಮೇಲೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ಎಳೆದು ಪುಡಿ ಒರೆಸಿ. ಪೂರ್ತಿ ಬಿಟ್ಟುಕೊಂಡಾಗ ನಡುವೆ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್ ಜಾಗ ಇರಬೇಕು. ಸಂದಿ ಅಳೆಯುವ ತೆಳು ತಗಡುಗಳ ಫೀಲರ್ ಗೇಜ್ ಬೇಕು, ಕಣ್ಣಂದಾಜು ನಡೆಯುವುದಿಲ್ಲ. ಸ್ಪಾರ್ಕ್ ಪ್ಲಗ್ಗಿಗೆ 0.035 ಇಂಚು.

ಇಷ್ಟೆಲ್ಲ ಆದ ಮೇಲೆ ಬ್ಯಾಟರಿ ತನ್ನಿ. ಕೇಬಲ್ಲಿನ ಎರಡೂ ತುದಿ, ಅದರಲ್ಲೂ ಫ್ರೇಮಿಗೆ ಕೂರುವ ಅರ್ಥ್ ತುದಿಯನ್ನು ಹೊಳೆಯುವ ಹಾಗೆ ಉಜ್ಜಿ. ಕೀ ತಿರುಗಿಸಿದರೆ ಬರೀ ಟಕ್ ಅನ್ನುವ ಸಮಸ್ಯೆಗೆ ಅರ್ಧ ಸಲ ಈ ಅರ್ಥೇ ಕಾರಣ. ಟ್ರ್ಯಾಕ್ಟರನ್ನು ಶೆಡ್ಡಿನಿಂದ ಹೊರಗೆ ತಳ್ಳಿ. ಬಾಗಿಲು ತೆಗೆದಿಟ್ಟರೆ ಸಾಕು ಅಂದುಕೊಳ್ಳಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಗೇರ್ ನ್ಯೂಟ್ರಲ್, ಹುಲ್ಲು ಕತ್ತರಿಸುವ ಬ್ಲೇಡಿನ ಲಿವರ್ ಆಫ್, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಚೋಕ್ ಎಳೆದು ಸ್ಟಾರ್ಟ್ ಮಾಡಿ.

ಮೊದಲು ನೀಲಿ ಹೊಗೆ ಬರುತ್ತದೆ. ನೀವೇ ಹಾಕಿದ ಆಯಿಲ್ ಉರಿಯುತ್ತಿದೆ, ಗಾಬರಿ ಬೇಡ. ಐದು ಹತ್ತು ನಿಮಿಷದಲ್ಲಿ ತೆಳುವಾಗಬೇಕು. ತಾಳ ಹಾಕಿದ ಹಾಗೆ ಕಟ್ ಕಟ್ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಸಾಲು ಮುಗಿಸಲು ಹೋಗಬೇಡಿ.

ಒಂದು ತಪ್ಪು ನಮ್ಮವರು ಜಾಸ್ತಿ ಮಾಡುತ್ತಾರೆ. ಹಳೇ ಎಂಜಿನ್ನು ಪಾಪ, ನಿಧಾನಕ್ಕೆ ಓಡಿಸೋಣ ಅಂತ ಕಡಿಮೆ ಥ್ರಾಟಲಿನಲ್ಲಿ ಕೆಲಸ ಮಾಡಿಸುತ್ತಾರೆ. ಅದು ಪ್ರೀತಿ ಅಲ್ಲ, ಹಿಂಸೆ. ಗಾಳಿ ಬೀಸುವುದು, ಎಣ್ಣೆ ಎರಚುವುದು ಎರಡೂ ಎಂಜಿನ್ನಿನ ವೇಗವನ್ನೇ ನಂಬಿವೆ. ಇದರ ಕೆಲಸದ ವೇಗ ನಿಮಿಷಕ್ಕೆ 3,600 ಸುತ್ತು. ಬಿಸಿಯಾದ ಮೇಲೆ ಥ್ರಾಟಲ್ ಮೇಲಿಟ್ಟು, ಗಾಡಿಯ ವೇಗವನ್ನು ಗೇರಿನಿಂದ ಕಮ್ಮಿ ಮಾಡಿ. ಹಾಗಂತ ಎಂಜಿನ್ನಿನ ವೇಗವನ್ನು ಹದ್ದಿನಲ್ಲಿಡುವ ಗವರ್ನರಿನ ಸ್ಪ್ರಿಂಗ್ ಬಗ್ಗಿಸಿ ಇನ್ನೂ ವೇಗ ಕೊಡಲು ಹೋಗಬೇಡಿ. ಆ ಅಲ್ಯೂಮಿನಿಯಂ ರಾಡು ನೆನಪಿದೆ ಅಲ್ವಾ?

ಗೇರ್ ಬಾಕ್ಸಿನದು ಚಿಕ್ಕ ಕೆಲಸ, ಆದರೆ ಮರೆಯಬೇಡಿ. ಗೇರ್ ಲಿವರಿನ ಬುಡದಲ್ಲಿರುವ ರಬ್ಬರ್ ಟೋಪಿ ಬಿರಿದಿದ್ದರೆ ಮಳೆ ನೀರು ಒಳಗಿಳಿಯುತ್ತದೆ. ಆಯಿಲ್ ಬಸಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ ಅಂತಲೇ ಅರ್ಥ. ನಿಮ್ಮ ಚಳಿಗೆ ಆ ನೀರು ಹೆಪ್ಪುಗಟ್ಟುವ ಮುಂಚೆ ತೆಗೆಯಬೇಕು. ಯಾವ ಆಯಿಲ್ ಹಾಕಬೇಕು ಅಂತ ಯಾರನ್ನೂ ಕೇಳಬೇಡಿ, ಟೋರೋದವರ ವೆಬ್‌ಸೈಟಿನಲ್ಲಿ ಮಾಡೆಲ್ ನಂಬರ್ ಹಾಕಿದರೆ ವೀಲ್ ಹಾರ್ಸಿನ ಹಳೇ ಮ್ಯಾನ್ಯುಯಲ್ ಪುಕ್ಕಟೆ ಸಿಗುತ್ತದೆ. ಹಾಗೇ ಹಿಂದಿನ ಚಕ್ರದ ಹಬ್ಬನ್ನು ಹಿಡಿದು ಅಲ್ಲಾಡಿಸಿ. ಅದನ್ನು ಆಕ್ಸಲಿಗೆ ಬಿಗಿಯುವ ತಿರುಪು ಸಡಿಲಾಗಿದ್ದರೆ ಎರಡನ್ನೂ ಕಚ್ಚಿ ಹಿಡಿಯುವ ಒಳಗಿನ ಲೋಹದ ಕೀಲಿ ಸವೆದು ಕೊನೆಗೆ ಆಕ್ಸಲೇ ಹಾಳಾಗುತ್ತದೆ.

ಈಗ ಮಗನ ವಿಷಯ. ಖಂಡಿತ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂತು ಓಡಿಸುವ ಹುಲ್ಲು ಯಂತ್ರಕ್ಕೆ ಕನಿಷ್ಠ 16 ವರ್ಷ ಆಗಿರಬೇಕು ಅನ್ನುತ್ತದೆ, ಕೈಯಲ್ಲಿ ತಳ್ಳುವುದಕ್ಕೆ 12. ಅದು ಈಗಿನ ಯಂತ್ರಗಳನ್ನೂ ಸೇರಿಸಿ ಹೇಳಿದ್ದು. ಹೊಸದರಲ್ಲಿ ಸೀಟಿನಿಂದ ಎದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಈ ಕಾಲದ ಗಾಡಿಗಳಲ್ಲಿ ಆ ಸ್ವಿಚ್ಚು ಇಲ್ಲದಿರಬಹುದು, ಇದ್ದರೂ ಹಿಂದಿನವರು ಯಾರೋ ವೈರು ಕಟ್ಟಿ ಹಾರಿಸಿರುತ್ತಾರೆ. ನೀವು ಬಿದ್ದರೂ ಅದು ಓಡುತ್ತಲೇ ಇರುತ್ತದೆ. ಮಗಳೋ ಮಗನೋ ಮಡಿಲಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಯುವುದು ಕೂಡ ಬೇಡ. ಪಾಯಿಂಟ್ ಉಜ್ಜುವುದು, ಸುತ್ತು ಎಣಿಸುವುದು, ಬೋಲ್ಟುಗಳನ್ನು ಹೆಸರು ಬರೆದ ಡಬ್ಬಿಗಳಲ್ಲಿ ಇಡುವುದು ಎಲ್ಲ ಅವನಿಗೇ ಕೊಡಿ. ಹದಿಮೂರರ ಹುಡುಗನಿಗೆ ಅದು ಕಡಿಮೆ ಕೆಲಸವಲ್ಲ.

ನಿಮಗೂ ಒಂದು ಎಚ್ಚರಿಕೆ ಇದೆ. ಗೇರ್ ಮಾಡೆಲ್ಲಿನ ವೀಲ್ ಹಾರ್ಸಿನಲ್ಲಿ ಕ್ಲಚ್ಚು ಬ್ರೇಕು ಎರಡೂ ಒಂದೇ ಪೆಡಲ್. ಸ್ವಲ್ಪ ಒತ್ತಿದರೆ ಬೆಲ್ಟ್ ಸಡಿಲವಾಗುತ್ತದೆ, ಪೂರ್ತಿ ಒತ್ತಿದರೆ ಬ್ರೇಕ್ ಹಿಡಿಯುತ್ತದೆ. ನಡುವಿನ ಜಾಗದಲ್ಲಿ ಏನೂ ಇಲ್ಲ, ಗಾಡಿ ಇಳಿಜಾರಿನಲ್ಲಿ ತಾನೇ ಉರುಳುತ್ತದೆ. ಆ ಬ್ರೇಕೂ ಗೇರ್ ಬಾಕ್ಸಿನ ಮೂಲಕವೇ ಚಕ್ರ ಹಿಡಿಯುತ್ತದೆ. ಇಳಿಜಾರಿನಲ್ಲಿ ಗೇರ್ ಬದಲಿಸಲೇಬೇಡಿ. ಮೇಲಿಂದ ಕೆಳಗೆ ನೇರ ಓಡಿಸಿ, ಅಡ್ಡಡ್ಡ ಬೇಡ. ಹಳೇ ಬ್ರೇಕ್ ಪಟ್ಟಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆ ಧೂಳನ್ನು ಗಾಳಿ ಹಿಡಿದು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಿಮಕ್ಕೆ ಈ ಗಾಡಿ ಹೇಳಿ ಮಾಡಿಸಿದ ಹಾಗಿದೆ. ಹಿಂದಿನ ಟೈರಿಗೆ ಚೈನು, ಚಕ್ರಕ್ಕೆ ಕಬ್ಬಿಣದ ತೂಕ ಬೇಕು. ತೂಕಕ್ಕೆ ಟೈರಿನೊಳಗೆ ದ್ರವ ತುಂಬುವುದೂ ಉಂಟು. ಮೊದಲೆಲ್ಲ ಕ್ಯಾಲ್ಸಿಯಂ ಕ್ಲೋರೈಡ್ ನೀರು ತುಂಬುತ್ತಿದ್ದರು, ರಿಮ್ಮು ತುಕ್ಕು ಹಿಡಿದು ಹೋಗುತ್ತಿತ್ತು. ಈಗ ಸಕ್ಕರೆ ಬೀಟಿನ ರಸ ತುಂಬುತ್ತಾರೆ. ನಗಬೇಡಿ, ನಿಜ. ಹೆಪ್ಪುಗಟ್ಟುವುದಿಲ್ಲ, ತುಕ್ಕೂ ಹಿಡಿಸುವುದಿಲ್ಲ, ನೀರಿಗಿಂತ ಭಾರ.

ಗುಜರಿಯ ವಿಷಯದಲ್ಲಿ ನಿಮ್ಮ ಮನೆಯವರ ಮಾತು ಅರ್ಧ ಸರಿ. ಎರಡು ಎಕರೆ ಹುಲ್ಲನ್ನು ಬೇಸಿಗೆ ಪೂರ್ತಿ ವಾರ ವಾರ ಕತ್ತರಿಸಬೇಕಾದರೆ, ಅದಕ್ಕೆ ಸೀಟಿನ ಸ್ವಿಚ್ಚು ಇರುವ ಒಂದು ಹೊಸ ಯಂತ್ರ ಅಥವಾ ಒಳ್ಳೇ ಸೆಕೆಂಡ್ ಹ್ಯಾಂಡ್ ತನ್ನಿ. ಇದನ್ನು ಹಿಮಕ್ಕೆ, ತೋಟ ಉಳಲಿಕ್ಕೆ, ಸೌದೆ ಸಾಗಿಸಲಿಕ್ಕೆ ಇಟ್ಟುಕೊಳ್ಳಿ. ಎಂಜಿನ್ ಕೈಯಲ್ಲಿ ತಿರುಗಿತು ಅಂದರೆ ಬ್ಯಾಟರಿ, ಆಯಿಲ್, ಪೈಪು, ಪ್ಲಗ್, ಪಾಯಿಂಟ್ ಎಲ್ಲ ಸೇರಿ ನನ್ನ ಅಂದಾಜಿನಲ್ಲಿ ಇನ್ನೂರು ಡಾಲರ್ ಒಳಗೆ ಮುಗಿಯುತ್ತದೆ. ತಿರುಗಲೇ ಇಲ್ಲ, ಸಿಲಿಂಡರ್ ಗೋಡೆಯಲ್ಲಿ ಆಳವಾದ ಗೆರೆ ಬಿದ್ದಿದೆ ಅಂದರೆ ಬೇರೆ ಲೆಕ್ಕ. ಆಗ ಸಿಲಿಂಡರ್ ಬೋರ್ ಮಾಡಿಸಿ, ದೊಡ್ಡ ಪಿಸ್ಟನ್ ಹಾಕಿಸಬೇಕು, ಖರ್ಚು ಗಾಡಿಯ ಬೆಲೆಯನ್ನೇ ದಾಟಬಹುದು. ಹಾಗೊಮ್ಮೆ ಎಂಜಿನ್ ಪೂರ್ತಿ ಬಿಚ್ಚಿಸಿದರೆ, ಒಳಗೆ ಅದುರುವಿಕೆ ತಗ್ಗಿಸುವ ಬ್ಯಾಲೆನ್ಸ್ ಗೇರುಗಳಿವೆಯೇ ಕೇಳಿ. ಅವು ಮುರಿದರೆ ಬ್ಲಾಕನ್ನೇ ಒಡೆಯುತ್ತವೆ. ಬಲ್ಲ ಮೆಕ್ಯಾನಿಕ್‌ಗಳು ತೆಗೆದೇ ಬಿಡುತ್ತಾರೆ. ಎಂಜಿನ್ ಸ್ವಲ್ಪ ಹೆಚ್ಚು ಅದುರುತ್ತದೆ, ಅಷ್ಟೆ.

ಬಣ್ಣ ಹೊಡೆಸುವ ಯೋಚನೆ ಸದ್ಯಕ್ಕೆ ಬಿಡಿ. ಮೊದಲು ಪ್ಲಗ್ ಬಿಚ್ಚಿ, ಆಯಿಲ್ ಬಿಟ್ಟು, ಮರುದಿನ ಬೆಳಿಗ್ಗೆ ಫ್ಲೈವೀಲ್ ತಿರುಗಿಸಿ. ತಿರುಗಿತೋ ಇಲ್ಲವೋ, ಗೇರ್ ಬಾಕ್ಸಿನ ಆಯಿಲ್ ಯಾವ ಬಣ್ಣದಲ್ಲಿತ್ತು, ಇವೆರಡನ್ನು ಬರೆದು ಕಳಿಸಿ. ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.